ಯಂತ್ರಾನುವಾದ ತಿದ್ದುವ ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಬದುಕುವವರಿಗೆ ಏಜೆನ್ಸಿಗಳು ಈಗ ಯಂತ್ರ ಮಾಡಿಟ್ಟ ಅನುವಾದವನ್ನೇ ಕಳುಹಿಸಿ, ತಿದ್ದಿಕೊಡಿ ಎನ್ನುವುದುಂಟು. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ 2011ರಲ್ಲಿ ಯಂತ್ರದ ತಪ್ಪು ಓದಿದೊಡನೆ ಕಣ್ಣಿಗೆ ಬೀಳುತ್ತಿತ್ತು. 2017ರಲ್ಲಿ, ಇಡೀ ವಾಕ್ಯವನ್ನು ಒಟ್ಟಿಗೆ ನೋಡಿ ಅನುವಾದಿಸುವ ನ್ಯೂರಲ್ ತಂತ್ರ ಕನ್ನಡಕ್ಕೂ ಬಂದ ಮೇಲೆ ವಾಕ್ಯ ಸರಾಗವಾಯಿತು, ತಪ್ಪು ಆ ಸರಾಗದೊಳಗೆ ಅಡಗಿಕೊಂಡಿತು. ತಿದ್ದುವ ಕೆಲಸ ಅನುವಾದಕ್ಕಿಂತ ಹಗುರವೆಂದು ದರ ಇಳಿಸುವವರು ಇದನ್ನು ಗಮನಿಸುವುದಿಲ್ಲ.

ಆದ್ದರಿಂದ ದರ ಹೇಳುವ ಮೊದಲು ಕಡತದ ನಡುವಿನಿಂದ ಸುಮಾರು 300 ಪದಗಳನ್ನು ಆರಿಸಿ, ಗಡಿಯಾರ ನೋಡಿಕೊಂಡು ತಿದ್ದಿರಿ. ಅಷ್ಟೇ ಉದ್ದದ ಇನ್ನೊಂದು ಭಾಗವನ್ನು ಯಂತ್ರದ ನೆರವಿಲ್ಲದೆ ಅನುವಾದಿಸಿರಿ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿದರೆ ಅರ್ಧ ದರಕ್ಕೆ ಒಪ್ಪಬೇಡಿ, ಗಂಟೆಯ ಲೆಕ್ಕದಲ್ಲಿ ಕೇಳಿರಿ. ಅರ್ಥವಾಗುವಷ್ಟು ತಿದ್ದಿದರೆ ಸಾಕೋ, ಮನುಷ್ಯರ ಅನುವಾದಕ್ಕೆ ಸಮನಾಗಬೇಕೋ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಯಂತ್ರಾನುವಾದ ತಿದ್ದುವ ಕೆಲಸಕ್ಕೆಂದೇ ಇರುವ 2017ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 18587 ಈ ಎರಡನ್ನೂ ಬೇರೆಬೇರೆಯಾಗಿಯೇ ಗುರುತಿಸುತ್ತದೆ.

ತಿದ್ದುವಾಗ ಪ್ರತಿ ವಾಕ್ಯದ ಇಂಗ್ಲಿಷನ್ನು ಮೊದಲು ಓದಿರಿ. ಕನ್ನಡವನ್ನು ಮೊದಲು ಓದಿದರೆ ಅದರ ಓಟಕ್ಕೆ ಮನಸ್ಸು ಒಪ್ಪಿಬಿಡುತ್ತದೆ, ಬಿಟ್ಟುಹೋದ ಒಂದು 'ಇಲ್ಲ' ಅಥವಾ 'ಬಾರದು' ಕಾಣುವುದೇ ಇಲ್ಲ. ಔಷಧಿಯ ಚೀಟಿಯಲ್ಲಿ ಅದೊಂದೇ ಸಾಕು ಅನಾಹುತಕ್ಕೆ. ಸಾಲದ ಪತ್ರದಲ್ಲಿ ಇಂಗ್ಲಿಷಿನ 'ಇಂಟರೆಸ್ಟ್'ಗೆ 'ಬಡ್ಡಿ' ಇರಬೇಕಾದಲ್ಲಿ 'ಆಸಕ್ತಿ' ಕುಳಿತಿರಬಹುದು, ವಿಮೆಯ 'ಪಾಲಿಸಿ' ಮುಂದಿನ ಪುಟದಲ್ಲಿ 'ನೀತಿ'ಯಾಗಿರಬಹುದು. 1.2 ಮಿಲಿಯನ್ ಎಂದರೆ 12 ಲಕ್ಷ. ಅಂಕಿಗಳನ್ನು ಬೇರೆಯಾಗಿ ಇನ್ನೊಮ್ಮೆ ಸರಿನೋಡಿರಿ. ವೈದ್ಯರನ್ನು ಒಂದು ವಾಕ್ಯದಲ್ಲಿ 'ಅವರು' ಎಂದು ಇನ್ನೊಂದರಲ್ಲಿ 'ಅವನು' ಎಂದಿದ್ದರೆ ಒಂದೇ ಸಮ ಮಾಡಿರಿ. 'ಅರ್ಜಿಯು ಅಧಿಕಾರಿಯಿಂದ ಪರಿಶೀಲಿಸಲ್ಪಡುತ್ತದೆ' ಎಂಬುದು ವ್ಯಾಕರಣಕ್ಕೆ ಸರಿ, ಕಿವಿಗಲ್ಲ. 'ಅಧಿಕಾರಿ ಅರ್ಜಿಯನ್ನು ಪರಿಶೀಲಿಸುತ್ತಾರೆ' ಎಂದು ತಿರುಗಿಸಿರಿ. ಮೂರು ಪದಕ್ಕಿಂತ ಹೆಚ್ಚು ಬದಲಿಸಬೇಕಾದ ವಾಕ್ಯವನ್ನು ಅಳಿಸಿ ಹೊಸದಾಗಿ ಬರೆಯುವುದೇ ಬೇಗ ಎಂಬುದು ನನ್ನ ಅನುಭವ.

ಗ್ರಾಹಕರ ಕಡತವನ್ನು ಅವರ ಒಪ್ಪಿಗೆಯಿಲ್ಲದೆ ಉಚಿತ ಚಾಟ್‌ಬಾಟ್‌ಗಳಿಗೆ ಹಾಕಬೇಡಿ. ಪ್ರತಿ ಕೆಲಸಕ್ಕೆ ಹಿಡಿದ ಗಂಟೆ, ಪದಸಂಖ್ಯೆ ಮತ್ತು ಪದೇಪದೇ ಕಂಡ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ; ಮುಂದಿನ ಸಲ ಏಜೆನ್ಸಿ ದರ ಇಳಿಸಲು ಬಂದಾಗ ಅದನ್ನೇ ಮುಂದಿಡಬಹುದು.