‘ಏನ್ ಹಾಡ್ಯಾರ್ರೀ!’ ಅಂದ ಮೇಲೆ ಮುಂದೇನು?

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಯಾರಾದರೂ ಹಳೆಯ ರೆಕಾರ್ಡಿಂಗ್ ಹಾಕಿದರೆ ಮೊದಲು ಬರುವ ಮಾತು ಇದೇ. ಎರಡನೆಯ ಮಾತೂ ಸಾಮಾನ್ಯವಾಗಿ ಇದೇ. ನಾನು ಹಾಡುವವಳಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು, ಕೇಳುವ ಹುಚ್ಚು ಮಾತ್ರ ಇದೆ. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕೆಲವರು ಸೇರುತ್ತೇವೆ. ಒಬ್ಬರು ರೆಕಾರ್ಡಿಂಗ್ ತರುತ್ತಾರೆ, ಎಲ್ಲರೂ ಕೇಳುತ್ತೇವೆ, ಆಮೇಲೆ ಚಹಾ, ಮಾತು. ಆ ಮಾತು ಹೇಗಿದ್ದರೆ ಚೆನ್ನ ಅಂತ ಹೊಸಬರು ಕೇಳುತ್ತಿರುತ್ತಾರೆ. ಅವರಿಗಾಗಿ ಇದು. ನಮ್ಮದು ಹಿಂದೂಸ್ತಾನಿ ಖ್ಯಾಲಿನ (ಒಂದು ರಾಗವನ್ನು ಬಿಡಿಸುತ್ತ ಹಾಡುವ ಗಾಯನ ಪ್ರಕಾರ) ಗುಂಪು, ಹಾಗಾಗಿ ಉದಾಹರಣೆಗಳೂ ಅಲ್ಲಿಯವೇ.

ಮೊದಲು ಜಾಗ ತೋರಿಸಿ. ಎಲ್ಲಕ್ಕಿಂತ ಮುಖ್ಯ ಇದು. ಖ್ಯಾಲ್ ಗಾಯಕ ಉಸ್ತಾದ್ ಅಮೀರ್ ಖಾನರ ಮಾರವಾ ರಾಗದ ಎಲ್‌ಪಿ (ಹೆಚ್ಚು ಹೊತ್ತು ಓಡುವ ರೆಕಾರ್ಡು) ತೊಗೊಳ್ಳಿ. 1960ರದು, ಒಂದು ಬದಿಗೆ ಮಾರವಾ, ಇನ್ನೊಂದು ಬದಿಗೆ ದರ್ಬಾರಿ. ಅದನ್ನು ಕೇಳಿ ‘ಭಾಳ ಗಂಭೀರವಾಗಿದೆ’ ಅಂದರೆ ಪಕ್ಕದಲ್ಲಿ ಕೂತವರಿಗೆ ಏನೂ ಸಿಗುವುದಿಲ್ಲ. ‘ಷಡ್ಜಕ್ಕೆ (ಎಲ್ಲ ಸ್ವರಗಳಿಗೂ ಆಧಾರವಾದ ಸ) ಬಂದು ನಿಲ್ಲುವುದನ್ನು ಎಷ್ಟು ಹೊತ್ತು ಮುಂದೂಡುತ್ತಾರೆ ನೋಡಿ, ಕೋಮಲ ರಿಷಭ (ರಿ), ಧೈವತ (ಧ) ಇವೆರಡರ ಸುತ್ತಲೇ ಓಡಾಡುತ್ತಾರೆ’ ಅನ್ನಿ. ಈಗ ಕೇಳುವವರ ಕಿವಿಗೆ ಒಂದು ಕೆಲಸ ಸಿಕ್ಕಿತು. ಷಡ್ಜ ಯಾವಾಗ ಬರುತ್ತದೆ ಅಂತ ಅವರೂ ಕಾಯುತ್ತಾರೆ. ಬಂದಾಗ ‘ಹಾಂ!’ ಅನ್ನುತ್ತಾರೆ. ರಾಗದ ಶಾಸ್ತ್ರ ಗೊತ್ತಿಲ್ಲದವರೂ ಇಷ್ಟನ್ನು ಕೇಳಬಲ್ಲರು. ನಮ್ಮ ಗುಂಪಿಗೆ ಬರುವ ಗಣಿತದ ಮೇಷ್ಟ್ರೊಬ್ಬರಿಗೆ ಸ್ವರದ ಹೆಸರುಗಳು ಇವತ್ತಿಗೂ ಬರುವುದಿಲ್ಲ. ‘ಮನೆಗೆ ಬಂದರು’, ‘ಇನ್ನೂ ಬರಲಿಲ್ಲ’ ಅಂತಲೇ ಹೇಳುತ್ತಾರೆ. ಸಾಕಲ್ವಾ?

ಜಾಗ ಹೇಳುವಾಗ ಬರೀ ನಿಮಿಷ, ಸೆಕೆಂಡು ಬರೆದರೆ ಸಾಲದು. ನಿಮ್ಮ ಪ್ರತಿಯಲ್ಲಿ ಮೊದಲ ಅರ್ಧ ನಿಮಿಷ ತಂಬೂರಿ ಇರಬಹುದು, ಅವರದರಲ್ಲಿ ಅದನ್ನು ಕತ್ತರಿಸಿರಬಹುದು. ‘ಅಂತರಾ ಎತ್ತಿಕೊಂಡ ಮೇಲೆ ಎರಡನೇ ಆವರ್ತನ, ಸಮ್‌ಗೆ ಸ್ವಲ್ಪ ಮುಂಚೆ’ ಅಂತ ಹಾಡಿನ ಒಳಗಿನ ಗುರುತನ್ನೂ ಕೊಡಿ (ಅಂತರಾ ಅಂದರೆ ಹಾಡಿನ ಎರಡನೇ ಭಾಗ, ಆವರ್ತನ ಅಂದರೆ ತಾಳದ ಒಂದು ಸುತ್ತು, ಸಮ್ ಅಂದರೆ ಆ ಸುತ್ತಿನ ಮೊದಲ ಪೆಟ್ಟು). ಅದು ಯಾವ ಪ್ರತಿಯಲ್ಲೂ ಬದಲಾಗುವುದಿಲ್ಲ.

ತುಣುಕು ಕತ್ತರಿಸಿ ಕಳಿಸುವವರಿಗೆ ಒಂದು ಮಾತು. ನಿಮಗೆ ರೋಮಾಂಚನವಾದ ಆ ತಾನನ್ನಷ್ಟೇ (ವೇಗದ ಸ್ವರಗಳ ಸರಣಿ) ಕತ್ತರಿಸಬೇಡಿ. ಕನಿಷ್ಠ ಎರಡು ಆವರ್ತನ ಮೊದಲಿನಿಂದ ಇಡಿ. ಷಡ್ಜ ಕಿವಿಯಲ್ಲಿ ಕೂರದೆ, ಲಯ ಹಿಡಿಯದೆ ತಾನ್ ಕೇಳಿದರೆ ಅದು ಸುಮ್ನೆ ಗಂಟಲಿನ ಕಸರತ್ತು ಅನ್ನಿಸುತ್ತದೆ. ಆಮೇಲೆ, ಫೋನಿನ ಸ್ಪೀಕರಿನಲ್ಲಿ ಕೇಳಿ ಸಾಥ್‌ದಾರರ (ಜೊತೆಗೆ ನುಡಿಸುವವರ) ಬಗ್ಗೆ ತೀರ್ಪು ಕೊಡಬೇಡಿ. ಡಗ್ಗಾದ (ತಬಲಾ ಜೋಡಿಯ ದೊಡ್ಡ ವಾದ್ಯ) ದನಿ ಅದರಲ್ಲಿ ಅರ್ಧಕ್ಕರ್ಧ ಮಾಯವಾಗಿರುತ್ತದೆ, ತಂಬೂರಿಯಂತೂ ಇದ್ದೂ ಇಲ್ಲದಂತೆ.

ಇನ್ನು ಯಾವ ರೆಕಾರ್ಡಿಂಗ್ ಅನ್ನುವುದು. ‘ಗಂಗೂಬಾಯಿ ಹಾನಗಲ್ ಅವರದು ಕೇಳಿದೆ’ ಅಂದರೆ ಯಾವ ಗಂಗೂಬಾಯಿ? ಅವರ ಮೊದಲ ಗ್ರಾಮಫೋನ್ ತಟ್ಟೆಗಳು 1930ರ ದಶಕದವು, ‘ಗಾಂಧಾರಿ’ ಅನ್ನುವ ಹೆಸರಿನಲ್ಲಿ ಬಂದವು. ಅಲ್ಲಿ ದನಿ ತೆಳ್ಳಗೆ, ಎತ್ತರದಲ್ಲಿ. ಗಂಟಲಿನ ಚಿಕಿತ್ಸೆಯಾದ ಮೇಲೆ ಬಂದದ್ದು ನಮಗೆಲ್ಲ ಗೊತ್ತಿರುವ ಆ ಭಾರದ ದನಿ. ಎರಡನ್ನೂ ಬೆನ್ನು ಬೆನ್ನಿಗೆ ಹಾಕಿದರೆ ಹೊಸಬರು ಒಬ್ಬರೇ ಅಂತ ನಂಬುವುದೇ ಇಲ್ಲ. ಹಾಗಾಗಿ ಸುಮಾರು ಯಾವ ಕಾಲದ್ದು, ತಟ್ಟೆಯೋ, ಎಲ್‌ಪಿಯೋ, ರೇಡಿಯೋವೋ, ಯಾರದೋ ಮನೆಯ ಬೈಠಕ್ಕೋ, ಇಷ್ಟನ್ನಾದರೂ ಹೇಳಿ.

ಕಾಲ ಗೊತ್ತಿಲ್ಲದಿದ್ದರೆ ರೆಕಾರ್ಡಿಂಗಿನಲ್ಲೇ ಸುಳಿವು ಹುಡುಕಬಹುದು. ನನಗೆ ಇದು ಭಾಳ ಇಷ್ಟದ ಆಟ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಯಾರಾದರೂ ‘ಇದು ಐವತ್ತರ ದಶಕದ ರೇಡಿಯೋ ಸ್ಟುಡಿಯೋದ್ದು’ ಅಂತ ಕೊಟ್ಟು, ಅದರಲ್ಲಿ ಪೇಟಿ (ಹಾರ್ಮೋನಿಯಂ) ಕೇಳಿಸಿದರೆ ಅನುಮಾನ ಪಡಿ. ಮಲ್ಲಿಕಾರ್ಜುನ ಮನ್ಸೂರರ ಹಿಂದೆ ಮಗ ರಾಜಶೇಖರ ಅವರ ದನಿ ಬೆಳೆದು ನಿಂತಂತೆ ಕೇಳಿಸಿದರೆ ಅದು ಮನ್ಸೂರರ ನಡುವಯಸ್ಸು ದಾಟಿದ ಮೇಲಿನದು. ಹಾಡು ಮೂರು ನಿಮಿಷ ಚಿಲ್ಲರೆಗೆ ಮುಗಿದರೆ 78 ಸುತ್ತಿನ ತಟ್ಟೆ. ಸರಿಯಾಗಿ 45 ನಿಮಿಷಕ್ಕೆ ನಡುವೆಯೇ ಕಡಿದು ಹೋದರೆ ಸಿ-90 ಕ್ಯಾಸೆಟ್ಟಿನ ಒಂದು ಬದಿ ಮುಗಿದಿದೆ ಅಂತ ಅರ್ಥ.

ಈ ಅಳತೆ ಗೊತ್ತಿದ್ದರೆ ಅನ್ಯಾಯದ ಮಾತೂ ಕಡಿಮೆಯಾಗುತ್ತದೆ. ಮೂರು ನಿಮಿಷದ ತಟ್ಟೆ ಕೇಳಿ ‘ವಿಸ್ತಾರವೇ ಮಾಡಿಲ್ಲ’ ಅನ್ನುವವರನ್ನು ನೋಡಿದ್ದೇನೆ. ಎಲ್ಲಿ ಮಾಡಬೇಕಿತ್ತು? ಅಷ್ಟರಲ್ಲಿ ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು ಅಂತ ಕೇಳಬೇಕು.

ಶ್ರುತಿಯ ಬಗ್ಗೆ ಮಾತಾಡುವಾಗಲೂ ಎಚ್ಚರ. 78 ಅಂತ ಹೆಸರಿದ್ದರೂ ಹಳೆಯ ತಟ್ಟೆಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲಿ ಮುದ್ರಣವಾದವಲ್ಲ. ಕ್ಯಾಸೆಟ್ಟಂತೂ ಒಂದೊಂದು ಡೆಕ್ಕಿನಲ್ಲಿ ಒಂದೊಂದು ವೇಗ. ವೇಗ ಹೆಚ್ಚಾದರೆ ಶ್ರುತಿ ಏರುತ್ತದೆ, ಲಯವೂ ಓಡುತ್ತದೆ. ‘ತರುಣನಿದ್ದಾಗ ಕರಿ ಮೂರರಲ್ಲಿ (ಹಾರ್ಮೋನಿಯಂನ ಮೂರನೇ ಕರಿ ಮನೆಯ ಶ್ರುತಿ) ಹಾಡ್ತಿದ್ದರು’ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ‘ಯಾವ ಪ್ರತಿಯಿಂದ ಹೇಳ್ತೀರಿ?’ ಅಂತ ಕೇಳಿ.

ರಾಗದ ಹೆಸರಿಗೆ ಜಗಳವಾಡುವುದು ನಮ್ಮಲ್ಲಿ ಜಾಸ್ತಿ. ಹೊದಿಕೆಯ ಮೇಲೆ ಅಚ್ಚಾದದ್ದನ್ನು ಪೂರ್ತಿ ನಂಬಬೇಡಿ. ಒಂದು ಕಂಪನಿಯ ಕ್ಯಾಸೆಟ್ ಕೊಂಡಿದ್ದೆ. ಮೇಲೆ ‘ಪೂರಿಯಾ’ ಅಂತಿತ್ತು, ಒಳಗೆ ಇದ್ದದ್ದು ಮಾರವಾ. ಎರಡಕ್ಕೂ ಸ್ವರಗಳು ಅವೇ, ಪಂಚಮ ಎರಡರಲ್ಲೂ ಇಲ್ಲ. ಆದರೆ ಪೂರಿಯಾ ಗಾಂಧಾರ, ನಿಷಾದಗಳ ಮೇಲೆ ನಿಲ್ಲುತ್ತದೆ, ಮಾರವಾ ರಿಷಭ, ಧೈವತಗಳ ಮೇಲೆ. ಅವೇ ಸ್ವರಗಳು ಮೇಲಿನ ಸಪ್ತಕದಲ್ಲಿ ಆಡತೊಡಗಿದರೆ ಸೋಹನಿ. ಇಂಥ ಕಡೆ ‘ನಿಮಗೆ ಗೊತ್ತಿಲ್ಲ’ ಅನ್ನುವುದಕ್ಕಿಂತ ‘ಇಲ್ಲಿ ಯಾವ ಸ್ವರದ ಮೇಲೆ ನಿಂತರು, ಮತ್ತೊಮ್ಮೆ ಹಾಕಿ’ ಅಂದರೆ ಕೆಲಸವಾಗುತ್ತದೆ. ಮನ್ಸೂರರ ಶಿವಮತ ಭೈರವದಂಥ ಅಪರೂಪದ ರಾಗ ಬಂದಾಗ ನಾನು ರಾಗದ ಲಕ್ಷಣ ಹೇಳಲು ಹೋಗುವುದೇ ಇಲ್ಲ. ಅವರ ಉಸಿರನ್ನು ಹಿಂಬಾಲಿಸಿ ಅನ್ನುತ್ತೇನೆ. ಸುತ್ತಿ ಸುತ್ತಿ ಹೋದ ಒಂದು ಉದ್ದನೆಯ ಮಾತು ಎಲ್ಲೂ ತುಂಡಾಗದೆ ಸಮ್‌ಗೆ ಹೇಗೆ ಬಂದು ಬೀಳುತ್ತದೆ ಅನ್ನುವುದನ್ನು ಕೇಳಿದರೆ ಮನ್ಸೂರರ ಜೈಪುರ ಘರಾಣೆಯ (ಗಾಯನ ಪರಂಪರೆ) ಬಗ್ಗೆ ಅರ್ಧ ತಿಳಿದಂತೆ. ಅದಾದ ಮೇಲೆ ಕಿರಾಣಾ ಘರಾಣೆಯವರು ಒಂದೊಂದೇ ಸ್ವರ ಬಿಡಿಸುವುದನ್ನು ಹಾಕಿ. ವ್ಯತ್ಯಾಸ ತಾನಾಗಿ ಬಾಯಿಗೆ ಬರುತ್ತದೆ.

ಕತೆಗಳು ಬೇಕು, ಆದರೆ ಹಾಡು ಮುಗಿದ ಮೇಲೆ. ಅಬ್ದುಲ್ ಕರೀಂ ಖಾನರ ‘ಪಿಯಾ ಬಿನ್ ನಹೀ ಆವತ ಚೈನ್’ ಹಾಕುವ ಮೊದಲೇ ‘ಗದಗಿನ ಹುಡುಗ ಭೀಮಸೇನ ಇದೇ ತಟ್ಟೆ ಕೇಳಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು’ ಅಂದರೆ ಎಲ್ಲರೂ ಆ ಹುಡುಗನನ್ನೇ ಕಾಣುತ್ತಾರೆ. ಆ ಹಾಡಿನ ಝಿಂಝೋಟಿ ರಾಗ ಯಾರ ಕಿವಿಗೂ ಬೀಳುವುದಿಲ್ಲ. ಮೊದಲು ಹಾಡು. ಆಮೇಲೆ ಕತೆ. ಆಮೇಲೆ ಬೇಕಿದ್ದರೆ ಮತ್ತೊಮ್ಮೆ ಹಾಡು, ಇರುವುದೇ ಮೂರು ನಿಮಿಷ.

ಇದಕ್ಕೆ ಒಂದು ವಿನಾಯಿತಿ ಇದೆ. ಗಾಯಕಿ ಗೌಹರ್ ಜಾನ್ ಅವರ ತಟ್ಟೆಗಳ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಾರೆ. ಗೊತ್ತಿಲ್ಲದವರು ನಕ್ಕುಬಿಡುತ್ತಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿಸಿದ್ದನ್ನು ತಟ್ಟೆ ಮಾಡಲು ಜರ್ಮನಿಯ ಹ್ಯಾನೋವರ್‌ಗೆ ಕಳಿಸುತ್ತಿದ್ದರು. ಅಲ್ಲಿಯವರಿಗೆ ಯಾರ ಹಾಡು ಅಂತ ತಿಳಿಯಬೇಕಲ್ಲ, ಅದಕ್ಕೆ ಆ ಕೂಗು. ಇದನ್ನು ಮೊದಲೇ ಹೇಳಿಬಿಡಿ. ಕೊನೆಗಾಲದಲ್ಲಿ ಅವರು ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು ಅನ್ನುವುದನ್ನು ಚಹಾದ ಹೊತ್ತಿಗೆ ಇಟ್ಟುಕೊಳ್ಳಿ.

ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನಿ. ದೊಡ್ಡ ಹೆಸರಿಗೆ ಹೆದರಿ ತಲೆದೂಗುವವರ ಮಾತಿಗೆ ನಮ್ಮ ಪಡಸಾಲೆಯಲ್ಲಿ ಬೆಲೆ ಕಡಿಮೆ. ಆದರೆ ಹೊಗಳಿಕೆಗೆ ಹೇಗೋ, ತೆಗಳಿಕೆಗೂ ಜಾಗ ತೋರಿಸಬೇಕು. ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ, ನಾವೆಲ್ಲ ಕಾಕಾ ಅನ್ನುತ್ತೇವೆ. ಅವರಿಗೆ ಕುಮಾರ ಗಂಧರ್ವರು ಒಗ್ಗುವುದಿಲ್ಲ. ‘ತುಂಡು ತುಂಡು ಹಾಡ್ತಾರವ್ವಾ’ ಅನ್ನುತ್ತಾರೆ. ಕ್ಷಯದಲ್ಲಿ ಒಂದು ಶ್ವಾಸಕೋಶ ಕೈಬಿಟ್ಟ ಮೇಲೆ ಕಟ್ಟಿಕೊಂಡ ಗಾಯನ ಅದು ಅಂತ ನಾನು ಹೇಳಿದೆ. ‘ಅದು ಆಸ್ಪತ್ರೀ ಮಾತು, ಹಾಡಿನ ಮಾತು ಹೇಳು’ ಅಂದರು. ಸರಿಯಾದ ಮಾತು. ಆಮೇಲೆ ಇಬ್ಬರೂ ಕೂತು ಒಂದು ಛೋಟಾ ಖ್ಯಾಲನ್ನು (ವೇಗದ ಲಯದ ಚಿಕ್ಕ ಖ್ಯಾಲ್) ನಿಲ್ಲಿಸಿ ನಿಲ್ಲಿಸಿ ಕೇಳಿದೆವು. ಎಲ್ಲಿ ತುಂಡಾಯಿತು ಅಂತ ಅವರು ಕೈ ಎತ್ತಿದರು, ಆ ಖಾಲಿ ಜಾಗದಲ್ಲಿ ಬರೀ ತಂಬೂರಿ ಕೇಳಿಸುತ್ತದಲ್ಲ ಅಂತ ನಾನು ಹೇಳಿದೆ. ಕಾಕಾ ಇನ್ನೂ ಒಪ್ಪಿಲ್ಲ. ಈ ಭಾನುವಾರ ಕುಮಾರರೇ ಕಟ್ಟಿದ ಲಗನ್ ಗಂಧಾರ ರಾಗ ಹಾಕಬೇಕು ಅಂತಿದ್ದೇನೆ, ಅದಕ್ಕೆ ಉತ್ತರವಾಗಿ ಅವರು ಭೀಮಸೇನರ ಪೂರಿಯಾ ಧನಾಶ್ರೀ ತರುತ್ತಾರಂತೆ.