ಇಟಲಿಯಲ್ಲಿ ಅಮ್ಮನ ಊಟ

ಇಟಲಿಗೆ ಹೊರಟ ಸಸ್ಯಾಹಾರಿಗಳಿಗೆ ಎಲ್ಲರೂ ಧೈರ್ಯ ಹೇಳುತ್ತಾರೆ: ಪಿಜ್ಜಾ ಇದೆ, ಪಾಸ್ತಾ ಇದೆ, ಚಿಂತೆ ಏಕೆ? ಅಮ್ಮನನ್ನು ಕರೆದುಕೊಂಡು ಹೋಗುವಾಗ ನನಗೆ ಈ ಮಾತು ಸಾಲದಾಯಿತು. ಅಮ್ಮ ಮಾಂಸ, ಮೀನು ಇರಲಿ, ಮೊಟ್ಟೆಯನ್ನೂ ತಿನ್ನುವವರಲ್ಲ. ಅಲ್ಲಿನ ಅಡುಗೆಯಲ್ಲಿ ಇವು ಕಣ್ಣಿಗೆ ಕಾಣುವಂತೆ ಇರುವುದಕ್ಕಿಂತ ಕಾಣದಂತೆ ಇರುವುದೇ ಹೆಚ್ಚು.

ಮೊದಲಿನದು ಚೀಸ್. ಪಾರ್ಮಿಜಾನೊ ರೆಜ್ಜಾನೊ ಮಾಡಲು ಹಾಲನ್ನು ಗಟ್ಟಿಯಾಗಿಸುವುದು ಕರುವಿನ ಜಠರದಿಂದ ತೆಗೆದ ರೆನೆಟ್‌. ಆ ಚೀಸಿನ ನಿಯಮಾವಳಿಯೇ ಹಾಗಿದೆ, ಬೇರೆ ವಸ್ತು ಬಳಸಿದರೆ ಆ ಹೆಸರು ಇಡುವಂತಿಲ್ಲ. ರೋಮಿನವರ ಪೆಕೊರಿನೊ ಚೀಸಿಗೆ ಕುರಿಮರಿಯ ಜಠರದ್ದು. ಇದನ್ನು ತಿಳಿಸಿದಾಗ ಅಮ್ಮ, "ಹಾಗಾದರೆ ನನಗೆ ಬೇಡ" ಎಂದು ಅಲ್ಲಿಗೇ ಮುಗಿಸಿದರು. ಅಂಗಡಿಯಲ್ಲಿ ಪೊಟ್ಟಣದ ಮೇಲೆ 'ಕಾಲ್ಯೊ ವೆಜೆತಾಲೆ', ಅಂದರೆ ಸಸ್ಯಮೂಲದ ರೆನೆಟ್ ಎಂದಿದ್ದರೆ ಮಾತ್ರ ಕೊಂಡೆವು. ನಿಮ್ಮ ಮನೆಯ ಹಿರಿಯರು ಇದನ್ನು ಲೆಕ್ಕಕ್ಕೆ ಇಡುತ್ತಾರೋ ಇಲ್ಲವೋ ಎಂಬುದನ್ನು ವಿಮಾನ ಹತ್ತುವ ಮೊದಲೇ ಕೇಳಿಕೊಳ್ಳಿ. ಊಟದ ಮೇಜಿನಲ್ಲಿ ತಟ್ಟೆ ಬಂದ ಮೇಲೆ ಹೇಳುವ ವಿಷಯವಲ್ಲ ಅದು.

ಚೀಸ್ ಬಿಟ್ಟ ಮೇಲೆ ಏನು ಉಳಿಯುತ್ತದೆ ಎನ್ನುತ್ತೀರಾ? ಬಹಳಷ್ಟು ಉಳಿಯುತ್ತದೆ, ಮತ್ತು ನನಗೆ ಇಟಲಿ ಇಷ್ಟವಾದದ್ದೇ ಅಲ್ಲಿಂದ. ಬಡವರ ಮನೆಗಳಲ್ಲಿ ಬೆಳೆದು ಬಂದ ಅಡುಗೆ ಅದು: ಕಡಲೆ, ಹುರುಳಿಕಾಯಿಯ ಬೀಜ, ಸೊಪ್ಪು, ಹಳೆಯ ಬ್ರೆಡ್, ಆಲಿವ್ ಎಣ್ಣೆ. ಜಿನೋವಾದಲ್ಲಿ ಫರಿನಾತಾ ಸಿಗುತ್ತದೆ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು, ಅಷ್ಟೇ. ಅಗಲವಾದ ತಾಮ್ರದ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಅಮ್ಮ ಒಂದು ತುಂಡು ಬಾಯಿಗಿಟ್ಟು, "ಇದು ನಮ್ಮ ಕಡಲೆಹಿಟ್ಟಿನ ದೋಸೆಗೆ ಅಕ್ಕನೇ" ಎಂದರು. ಸಿಸಿಲಿಯ ಪಲೆರ್ಮೊದಲ್ಲಿ ಅದೇ ಹಿಟ್ಟಿನಿಂದ ಪನೆಲ್ಲೆ ಕರಿದು, ಎಳ್ಳು ಹಚ್ಚಿದ ಬನ್ನಿನೊಳಗೆ ಇಟ್ಟು ಕೊಡುತ್ತಾರೆ. ಅದೇ ಎಣ್ಣೆಯಲ್ಲಿ ಬೇರೇನನ್ನು ಕರಿದಿದ್ದಾರೆ ಎಂದು ಕೇಳಿಯೇ ಕೊಳ್ಳಿ. ಫ್ಲಾರೆನ್ಸಿನಲ್ಲಿ ಟೊಮೇಟೊ ಮತ್ತು ಬ್ರೆಡ್ಡಿನ ಗಟ್ಟಿ ಸೂಪು, ಪಾಪ್ಪಾ ಅಲ್ ಪೊಮೊದೋರೊ. ಪಿಜ್ಜಾ ಬೇಕೆಂದರೆ ಮರಿನಾರಾ ಕೇಳಿ: ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಚೀಸ್ ಇಲ್ಲ. ನೇಪಲ್ಸ್‌ನ ಸಾಂಪ್ರದಾಯಿಕ ಕಣಕದಲ್ಲಿ ಹಿಟ್ಟು, ನೀರು, ಉಪ್ಪು, ಯೀಸ್ಟ್ ಬಿಟ್ಟು ಬೇರೇನೂ ಇರುವುದಿಲ್ಲ.

ಹೋಟೆಲಿನವರಲ್ಲಿ "ವೆಜಿಟೇರಿಯನ್" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಸೂಪು ಮಾಂಸದ ಸಾರಿನಲ್ಲಿ ಬೆಂದಿರಬಹುದು, ಸೊಪ್ಪಿನ ಒಗ್ಗರಣೆಗೆ ಸಣ್ಣ ಆಂಚೊವಿ ಮೀನು ಬಿದ್ದಿರಬಹುದು. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ಉವೋವಾ", ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದ್ದು ಎಂದು ನಾನು ಚೀಟಿಯಲ್ಲಿ ಬರೆದುಕೊಂಡು ತೋರಿಸುತ್ತಿದ್ದೆ. ಹಂದಿ ಕೊಬ್ಬಿಗೆ ಅಲ್ಲಿ 'ಸ್ತ್ರುತ್ತೊ' ಎನ್ನುತ್ತಾರೆ. ರೊಮಾನ್ಯಾ ಕಡೆಯ ಪಿಯದೀನಾ ರೊಟ್ಟಿಯ ಹಿಟ್ಟಿಗೇ ಅದನ್ನು ಕಲಸುತ್ತಾರೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅಲರ್ಜಿಯ ಪಟ್ಟಿ. ಐರೋಪ್ಯ ಒಕ್ಕೂಟದ ಕಾನೂನಿನಂತೆ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಲೇಬೇಕು. ಅನೇಕ ಕಡೆ ಮೆನುವಿನಲ್ಲಿ ತಿನಿಸಿನ ಪಕ್ಕ ಸಣ್ಣ ಅಂಕಿಗಳಿರುತ್ತವೆ, ಕೊನೆಯ ಪುಟದಲ್ಲಿ ಅವುಗಳ ವಿವರಣೆ. ಮೊಟ್ಟೆ, ಮೀನು, ಹಾಲು ಮೂರೂ ಅದರಲ್ಲಿ ಸಿಗುತ್ತವೆ. ಮಾಂಸ ಮಾತ್ರ ಆ ಪಟ್ಟಿಯಲ್ಲಿಲ್ಲ, ಅದನ್ನು ಬಾಯಿಬಿಟ್ಟೇ ಕೇಳಬೇಕು.

ಹೊತ್ತಿನ ವಿಷಯದಲ್ಲಿ ಹಿರಿಯರಿಗೆ ನಿಜವಾಗಿ ತೊಂದರೆಯಾಗುತ್ತದೆ. ಹೆಚ್ಚಿನ ಅಡುಗೆಮನೆಗಳು ಮಧ್ಯಾಹ್ನ ಸುಮಾರು 2.30ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ 7ರ ನಂತರವೇ. ಹಾಗಾಗಿ ಊರಿಂದೂರಿಗೆ ನಾವು ಆದಷ್ಟು ಪ್ರಾದೇಶಿಕ ರೈಲುಗಳಲ್ಲೇ ಹೋದೆವು. ಅವುಗಳ ದರ ಮುಂಚೆ ಕೊಂಡರೂ ಅದೇ, ಹೊರಡುವಾಗ ಕೊಂಡರೂ ಅದೇ. ಊಟ ಮುಗಿಸಿ ನಿಧಾನವಾಗಿ ನಿಲ್ದಾಣಕ್ಕೆ ಹೋಗಬಹುದು. ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಿ, ಇಲ್ಲದಿದ್ದರೆ ದಂಡ.

ಉಳಿದುಕೊಳ್ಳಲು ಒಲೆ ಇರುವ ಮನೆಯನ್ನೇ ಹಿಡಿಯಿರಿ. ಅಕ್ಕಿ, ಕಡಲೆಹಿಟ್ಟು, ತರಕಾರಿ ಎಲ್ಲ ಅಲ್ಲೇ ಸಿಗುತ್ತವೆ. ಸಾರಿನಪುಡಿ, ಚಟ್ನಿಪುಡಿ ಒಯ್ಯಿರಿ, ತುಪ್ಪ ಬೇಡ. ಹಾಲಿನ ಉತ್ಪನ್ನಗಳನ್ನು ಹೊರದೇಶದಿಂದ ಒಕ್ಕೂಟದೊಳಗೆ ತರಲು ಪ್ರವಾಸಿಗಳಿಗೆ ಅನುಮತಿಯಿಲ್ಲ.

ಬೊಲೋನ್ಯಾ ದೊಡ್ಡ ಹೆಸರಿನ ಊರು, ಆದರೆ ಅಲ್ಲಿ ತಾಜಾ ಪಾಸ್ತಾಗೆ ಮೊಟ್ಟೆ ಬೀಳುತ್ತದೆ. ಮನೆಯವರು ಸಂಪೂರ್ಣ ಸಸ್ಯಾಹಾರಿಗಳಾದರೆ ಆ ದಿನಗಳನ್ನು ದಕ್ಷಿಣಕ್ಕೆ ಕೊಡಿ ಎನ್ನುತ್ತೇನೆ. ಪುಲ್ಯಾದ ಒರೆಕ್ಕಿಯೆತ್ತೆ ಪಾಸ್ತಾವನ್ನು ಗೋಧಿ ರವೆ ಮತ್ತು ನೀರಿನಿಂದಲೇ ಮಾಡುತ್ತಾರೆ. ಅದರ ಜೊತೆ ಬೆರೆಸುವ ಸೊಪ್ಪಿಗೆ ಆಂಚೊವಿ ಹಾಕಬೇಡಿ ಎಂದು ಮೊದಲೇ ಹೇಳಿದರೆ ಆಯಿತು.