ಕೀನ್ಯಾದ ಹಳ್ಳಿಯಲ್ಲಿ ಹೊಲ ಕೊಳ್ಳುವುದು ಹೇಗೆ?

ಕೀನ್ಯಾದಲ್ಲಿ ಕೃಷಿ ಜಮೀನು ಕೊಳ್ಳುವ ಆಸೆಯುಳ್ಳವರು ಎಲ್ಲಕ್ಕಿಂತ ಮೊದಲು ತೆಗೆದು ನೋಡಬೇಕಾದ ಕಾಗದ ತಮ್ಮದೇ ಪಾಸ್‌ಪೋರ್ಟು. ಬೆಲೆ, ಮಣ್ಣು, ನೀರು ಎಲ್ಲ ಆಮೇಲೆ. ದಲ್ಲಾಳಿಗಳು ಈ ಮಾತನ್ನು ಕೊನೆಯಲ್ಲಿ ಹೇಳುತ್ತಾರೆ, ಕೆಲವರು ಹೇಳುವುದೇ ಇಲ್ಲ.

ಮೊದಲು: ನಿಮಗೆ ಹಕ್ಕಿದೆಯೇ?

2010ರ ಸಂವಿಧಾನದ 65ನೇ ವಿಧಿಯ ಪ್ರಕಾರ ವಿದೇಶಿಯರಿಗೆ ಕೀನ್ಯಾದಲ್ಲಿ ಭೂಮಿಯ ಪೂರ್ಣ ಒಡೆತನ ಸಿಗುವುದಿಲ್ಲ. ಹೆಚ್ಚೆಂದರೆ 99 ವರ್ಷದ ಗುತ್ತಿಗೆ. ಕೃಷಿ ಜಮೀನಿಗೆ ಕಟ್ಟು ಇನ್ನೂ ಬಿಗಿ. ಭೂ ನಿಯಂತ್ರಣ ಕಾಯ್ದೆಯಡಿ ಹೊಲದ ಮಾರಾಟ, ಗುತ್ತಿಗೆ, ಅಡಮಾನ, ಪಾಲು, ಯಾವುದೇ ಆಗಲಿ, ಸ್ಥಳೀಯ ಭೂ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಕೊಳ್ಳುವವರು ಕೀನ್ಯಾದ ಪ್ರಜೆಯಲ್ಲದಿದ್ದರೆ ಮಂಡಳಿ ಒಪ್ಪಿಗೆ ಕೊಡುವಂತೆಯೇ ಇಲ್ಲ. ಗುತ್ತಿಗೆಗೂ ಇದೇ ನಿಯಮ. ಉಳಿದಿರುವ ಒಂದೇ ಬಾಗಿಲು ದೇಶದ ಅಧ್ಯಕ್ಷರು ಗೆಜೆಟ್‌ನಲ್ಲಿ ಪ್ರಕಟಿಸುವ ವಿನಾಯಿತಿ. ನಾಲ್ಕೆಕರೆ ತೋಟದ ಆಸೆಯವರು ಅದನ್ನು ನಂಬಿ ಕೂರುವ ಹಾಗಿಲ್ಲ.

ಕಂಪನಿಯ ಹೆಸರಲ್ಲಿ ಕೊಳ್ಳೋಣವೆಂದರೆ ಷೇರುದಾರರೆಲ್ಲರೂ ಕೀನ್ಯಾ ಪ್ರಜೆಗಳಾಗಿರಬೇಕು. ಪರಿಚಯದ ಸ್ಥಳೀಯರ ಹೆಸರಲ್ಲಿ ಕೊಂಡು ದುಡ್ಡು ನಾವು ಹಾಕಿದರಾಯಿತು ಎಂಬ ಸಲಹೆಯೂ ಬರುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಮತ್ತೊಬ್ಬರ ಪರವಾಗಿ ಹಿಡಿದಿಟ್ಟ ಆಸ್ತಿಯ ಫಲ ಪೂರ್ತಿಯಾಗಿ ಪ್ರಜೆಗಳಿಗೇ ಸೇರಿದರೆ ಮಾತ್ರ ಅದು ಪ್ರಜೆಯ ಆಸ್ತಿ ಎಂದು ಸಂವಿಧಾನವೇ ಬಿಡಿಸಿ ಹೇಳಿದೆ. ನಾಳೆ ಆ ಪರಿಚಯಸ್ಥರೇ ತಿರುಗಿಬಿದ್ದರೆ ಯಾವ ಕೋರ್ಟಿನ ಮೆಟ್ಟಿಲು ಹತ್ತುತ್ತೀರಿ?

ಈ ಬಿಗಿಗೆ ಕಾರಣವಿದೆ. ಬ್ರಿಟಿಷರ ಕಾಲದಲ್ಲಿ ನೈರೋಬಿಯ ಸುತ್ತಿನಿಂದ ರಿಫ್ಟ್ ಕಣಿವೆಯವರೆಗಿನ ಎತ್ತರದ ಫಲವತ್ತು ನೆಲವನ್ನು ಬಿಳಿಯರಿಗೆಂದು ಮೀಸಲಿಟ್ಟು, ಅಲ್ಲೇ ಹುಟ್ಟಿ ಬೆಳೆದವರನ್ನು ಆಚೆ ಅಟ್ಟಲಾಗಿತ್ತು. ರೈಲು ಹಾದಿ ಹಾಕಲು ಹೋದವರ, ಅಂಗಡಿ ಇಟ್ಟವರ ಕುಲದ ಭಾರತೀಯರಿಗೂ ಅಲ್ಲಿ ಹೊಲ ಕೊಳ್ಳುವ ಹಕ್ಕಿರಲಿಲ್ಲ. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಜನ ಕೇಳಿದ್ದು ನೆಲವನ್ನೇ. ಕರ್ನಾಟಕದವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ‘ಉಳುವವನೇ ಹೊಲದೊಡೆಯ’ ಎಂಬ ಕೂಗು ಕೇಳಿದವರು ನಾವು. ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂಬ ನಿಯಮ 2020ರವರೆಗೂ ನಮ್ಮಲ್ಲಿತ್ತು.

ಹಾಗಾಗಿ ಮುಂದಿನ ಮಾತುಗಳು ಮುಖ್ಯವಾಗಿ ಕೀನ್ಯಾದ ಪೌರತ್ವ ಪಡೆದು ಅಲ್ಲೇ ನೆಲೆ ನಿಂತವರಿಗೆ. ಏಳು ವರ್ಷ ಕಾನೂನುಬದ್ಧವಾಗಿ ನೆಲೆಸಿದವರು, ಕೀನ್ಯಾದವರನ್ನು ಮದುವೆಯಾಗಿ ಏಳು ವರ್ಷ ಕಳೆದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಆಮೇಲೆ ಸಾಗರೋತ್ತರ ಭಾರತೀಯ ಕಾರ್ಡ್ ಮಾಡಿಸಿಕೊಂಡರೂ ಊರಲ್ಲಿ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬರುವುದರ ಮಾತು ಬೇರೆ. ಅಲ್ಲಿ ಕೊಳ್ಳುವ ಹಕ್ಕು ಬಂದಾಗ ಇಲ್ಲಿನ ಹಕ್ಕು ಹೋಗುತ್ತದೆ ಎಂಬುದನ್ನು ಮನೆಯವರೆಲ್ಲ ಕೂತು ಯೋಚಿಸಬೇಕು.

ನೆಲ ನೋಡಲು ಹೋಗುವಾಗ

ಕೀನ್ಯಾದ ಬಹುಭಾಗಕ್ಕೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಮಾರುವವರು ಹಸಿರಾಗಿರುವಾಗಲೇ ಕರೆದೊಯ್ಯುತ್ತಾರೆ. ನೀವು ಫೆಬ್ರುವರಿಯ ಒಣ ಬಿಸಿಲಲ್ಲಿ ಒಮ್ಮೆ, ಏಪ್ರಿಲ್‌ನ ಮಳೆಯಲ್ಲಿ ಇನ್ನೊಮ್ಮೆ ಹೋಗಿ. ಮುರಾಂಗಾ, ಕಿಯಾಂಬು ಕಡೆಯ ಕೆಮ್ಮಣ್ಣಿನ ಇಳಿಜಾರಿನಲ್ಲಿ ಕಾಫಿ, ಚಹಾ ನೋಡಿದರೆ ನಮ್ಮ ಮಲೆನಾಡು ಕಣ್ಣಿಗೆ ಬರುತ್ತದೆ. ಆಥಿ ಬಯಲಿನ ಕಡೆ ಬಂದರೆ ಅಪ್ಪಟ ಎರೆಮಣ್ಣು; ಬೇಸಗೆಯಲ್ಲಿ ಬಿರುಕು, ಮಳೆಯಲ್ಲಿ ಗಾಡಿ ಹೂತುಹೋಗುವ ಕೆಸರು. ದಾರಿ ಎಲ್ಲಿಯವರೆಗೆ ಬರುತ್ತದೆ ಎಂಬುದು ಏಪ್ರಿಲ್‌ನಲ್ಲೇ ಗೊತ್ತಾಗುವುದು.

ನೀರು ನಿಲ್ಲುವ ತಾಣವೇ ಎಂದು ಅಕ್ಕಪಕ್ಕದ ಹಿರಿಯರನ್ನು ಕೇಳಿ. ಪಕ್ಕದ ಇಥಿಯೋಪಿಯಾದ ಗಂಬೇಲಾದಲ್ಲಿ ಬೆಂಗಳೂರಿನ ಕರುಟುರಿ ಕಂಪನಿ 1 ಲಕ್ಷ ಹೆಕ್ಟೇರ್ ಗುತ್ತಿಗೆ ಹಿಡಿದಿತ್ತು. ಬಾರೋ ನದಿಯ ಪ್ರವಾಹಕ್ಕೆ ಮೆಕ್ಕೆಜೋಳ ಕೊಚ್ಚಿಹೋಯಿತು. 2015ರ ಕೊನೆಗೆ ಸರ್ಕಾರ ಗುತ್ತಿಗೆಯನ್ನೇ ರದ್ದು ಮಾಡಿತು. ಅಷ್ಟು ದೊಡ್ಡವರಿಗೇ ಹೊಳೆಯ ಅಂದಾಜು ಸಿಗಲಿಲ್ಲ. ಹೊಳೆಗೆ ತಾಗಿದ ಜಮೀನಾದರೆ ದಂಡೆಯ ಪಟ್ಟಿಯಲ್ಲಿ ಬೇಸಾಯವನ್ನಾಗಲಿ ಕಟ್ಟಡವನ್ನಾಗಲಿ ಮಾಡುವಂತಿಲ್ಲ. ಅಷ್ಟನ್ನು ಎಕರೆ ಲೆಕ್ಕದಿಂದ ಕಳೆದೇ ಬೆಲೆ ಮಾತಾಡಿ.

ಹೊಲದಲ್ಲಿ ಯಾರಿದ್ದಾರೆ ನೋಡಿ. ಜೋಳ ಬೆಳೆದು ನಿಂತಿದ್ದರೆ ಬಿತ್ತಿದವರು ಯಾರು? ಪಶ್ಚಿಮ ಕೀನ್ಯಾದ ಕಾಕಮೆಗಾ, ಸಿಯಾಯ, ಕಿಸೀ ಕಡೆ ತೀರಿಕೊಂಡವರನ್ನು ಮನೆಯಂಗಳದಲ್ಲೇ ಮಣ್ಣು ಮಾಡುತ್ತಾರೆ. ಬಾಳೆಯ ಹಿಂದೆ ಒಂದು ಸಿಮೆಂಟಿನ ಕಟ್ಟೆ ಕಂಡರೆ ಅದು ಯಾರ ಅಜ್ಜನದು ಎಂದು ಕೇಳಿ. ಸಮಾಧಿಯಿರುವ ನೆಲವನ್ನು ಮಗ ಮಾರಿದರೂ ಮನೆತನ ಬಿಟ್ಟುಕೊಟ್ಟಿದೆ ಎಂದು ತಿಳಿಯಬೇಡಿ. ಇಂಥ ಜಮೀನು ಕಾಗದದಲ್ಲಿ ಎಷ್ಟೇ ಚೊಕ್ಕವಾಗಿದ್ದರೂ ಬಿಟ್ಟುಬಿಡುವುದೇ ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ.

ಕಾಗದಪತ್ರದ ಪರೀಕ್ಷೆ

ಮಾರುವವರಿಂದ ಹಕ್ಕುಪತ್ರದ ಪ್ರತಿ, ಗುರುತಿನ ಚೀಟಿಯ ಪ್ರತಿ ತೆಗೆದುಕೊಳ್ಳಿ. ನಮ್ಮ ಸರ್ವೆ ನಂಬರಿನಂತೆ ಅಲ್ಲಿ ಪ್ರತಿ ತುಂಡಿಗೂ ಜಿಲ್ಲೆ, ವಿಭಾಗ, ಸಂಖ್ಯೆ ಸೇರಿದ ಗುರುತು ಇರುತ್ತದೆ. ಅದನ್ನು ಹಿಡಿದು ಭೂ ನೋಂದಣಿ ಕಚೇರಿಯಲ್ಲಿ ಅಧಿಕೃತ ಸರ್ಚ್ ಮಾಡಿಸಬೇಕು. ನಮ್ಮ ಪಹಣಿ ಮತ್ತು ಇ.ಸಿ. ಎರಡರ ಕೆಲಸವನ್ನೂ ಬಹುಮಟ್ಟಿಗೆ ಇದೊಂದೇ ಮಾಡುತ್ತದೆ: ಮಾಲೀಕರು ಯಾರು, ವಿಸ್ತೀರ್ಣ ಎಷ್ಟು, ಬ್ಯಾಂಕಿನ ಸಾಲವಿದೆಯೇ, ಯಾರಾದರೂ ತಕರಾರು ದಾಖಲಿಸಿದ್ದಾರೆಯೇ. 2021ರಲ್ಲಿ ನೈರೋಬಿಯಿಂದ ಶುರುವಾದ ‘ಅರ್ಧಿಸಾಸಾ’ ಎಂಬ ಆನ್‌ಲೈನ್ ವ್ಯವಸ್ಥೆ ಹಂತಹಂತವಾಗಿ ಹರಡುತ್ತಿದೆ. ಹಳ್ಳಿಗಾಡಿನ ಜಮೀನಿಗೆ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ಕಚೇರಿಗೇ ಹೋಗಬೇಕಾಗಿ ಬರಬಹುದು. ಸರ್ಚನ್ನು ನಿಮ್ಮ ವಕೀಲರೇ ಮಾಡಿಸಲಿ. ಮಾರುವವರು ತಂದುಕೊಟ್ಟ ಸರ್ಚಿನ ಹಾಳೆಗೆ ಬೆಲೆ ಕೊಡಬೇಡಿ.

ಸರ್ಚು ಹೇಳುವುದು ಈ ಹೊತ್ತಿನ ಸ್ಥಿತಿಯನ್ನು. ಹಿಂದಿನ ಇತಿಹಾಸಕ್ಕೆ ‘ಗ್ರೀನ್ ಕಾರ್ಡ್’ ಎಂದು ಕರೆಯುವ ನೋಂದಣಿ ಹಾಳೆಯ ದೃಢೀಕೃತ ಪ್ರತಿ ಬೇಕು. ಮೊದಲ ಮಾಲೀಕರಿಂದ ಇಂದಿನವರೆಗೆ ಕೈ ಬದಲಾದದ್ದೆಲ್ಲ ಅದರಲ್ಲಿರುತ್ತದೆ. ಇದು ಈಗ ಮೊದಲಿಗಿಂತ ಮುಖ್ಯ. ಮೊಂಬಾಸಾದ ಕಡಲತೀರದ ಆಸ್ತಿಯೊಂದರ ಪ್ರಕರಣದಲ್ಲಿ ಕೀನ್ಯಾದ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟು, ಮೊದಲ ಮಂಜೂರಾತಿಯೇ ಅಕ್ರಮವಾಗಿದ್ದರೆ ಆಮೇಲೆ ದುಡ್ಡು ಕೊಟ್ಟು ಕೊಂಡವರಿಗೂ ರಕ್ಷಣೆಯಿಲ್ಲ ಎಂದಿತು. ಹಕ್ಕುಪತ್ರ ಕೈಯಲ್ಲಿದ್ದರೆ ಸಾಲದು, ಅದು ಹುಟ್ಟಿದ ಬಗೆಯೂ ಸರಿಯಾಗಿರಬೇಕು.

ಕೆಲವರು ಹಕ್ಕುಪತ್ರದ ಬದಲು ಷೇರು ಪ್ರಮಾಣಪತ್ರ ತೋರಿಸುತ್ತಾರೆ. ಸ್ವಾತಂತ್ರ್ಯದ ನಂತರ ಬಿಳಿಯರ ದೊಡ್ಡ ಎಸ್ಟೇಟುಗಳನ್ನು ಜನ ಕೂಡಿ ಕಂಪನಿ ಕಟ್ಟಿಕೊಂಡು ಕೊಂಡರು; ಎಷ್ಟೋ ಕಡೆ ಸದಸ್ಯರಿಗೆ ಬಿಡಿ ಹಕ್ಕುಪತ್ರ ಸಿಗುವುದು ತಡವಾಯಿತು. ಷೇರು ಕಾಗದ ಕೊಂಡವರ ಕೈಗೆ ಬರುವುದು ಕಾಗದವೇ ಹೊರತು ನೆಲವಲ್ಲ. ಕಜಿಯಾಡೊ, ನಾರೋಕ್‌ನಂಥ ಕಡೆ ಸಮುದಾಯದ ಹೆಸರಲ್ಲೇ ಇರುವ ಭೂಮಿ ಮತ್ತೊಂದು ಬಗೆ. 2016ರ ಸಮುದಾಯ ಭೂ ಕಾಯ್ದೆಯ ಪ್ರಕಾರ ನೋಂದಾಯಿತ ವಯಸ್ಕ ಸದಸ್ಯರಲ್ಲಿ ಮೂರನೇ ಎರಡು ಭಾಗದವರು ಒಪ್ಪದೆ ಅದನ್ನು ಪರಭಾರೆ ಮಾಡುವಂತಿಲ್ಲ. ಒಬ್ಬ ಮುಖಂಡ ಮುಂದೆ ಬಂದು ‘ನಾನು ಮಾರುತ್ತೇನೆ’ ಎಂದರೆ ನಂಬಬಾರದು.

ಇನ್ನು ಹದ್ದುಬಸ್ತು. ನೋಂದಣಿ ನಕ್ಷೆ ಹಳ್ಳಿಯ ಜಮೀನುಗಳಿಗೆ ತೋರಿಸುವುದು ಅಂದಾಜಿನ ಗಡಿ. ನೆಲದ ಮೇಲೆ ಗಡಿಯೆಂದರೆ ಕಳ್ಳಿಯ ಬೇಲಿ, ಕತ್ತಾಳೆ ಸಾಲು, ಒಂದು ಕಾಲುದಾರಿ. ಪರವಾನಗಿಯುಳ್ಳ ಸರ್ವೇಯರನ್ನು ಕರೆದೊಯ್ದು, ಪಕ್ಕದ ಹೊಲದವರನ್ನೂ ನಿಲ್ಲಿಸಿಕೊಂಡು ಅಳತೆ ಮಾಡಿಸಿ. ದೊಡ್ಡ ಜಮೀನಿನಲ್ಲಿ ಒಂದು ತುಂಡನ್ನು ಕೊಳ್ಳುವುದಾದರೆ ನಮ್ಮ ಪೋಡಿಯಂತೆ ಬೇರ್ಪಡಿಸಿ ಹೊಸ ಸಂಖ್ಯೆ ಪಡೆಯಬೇಕು. ಅದಕ್ಕೂ ಮಂಡಳಿಯ ಒಪ್ಪಿಗೆ ಬೇಕು.

ಮಾರುವವರು ಬದುಕಿದ್ದಾರೆಯೇ?

ಪ್ರಶ್ನೆ ಒರಟಾಗಿ ಕೇಳಿಸಬಹುದು. ಆದರೆ ಹಕ್ಕುಪತ್ರ ಎಂದೋ ತೀರಿಕೊಂಡ ತಂದೆಯ, ಅಜ್ಜನ ಹೆಸರಲ್ಲೇ ಉಳಿದಿರುವ ಜಮೀನುಗಳು ಅಲ್ಲಿ ಬೇಕಾದಷ್ಟಿವೆ. ಪೌತಿ ಖಾತೆಯಾಗದ ಜಮೀನಿನ ಪಾಡು ನಮಗೂ ಗೊತ್ತಿದೆ. ಕೀನ್ಯಾದಲ್ಲಿ ವಾರಸುದಾರರು ಕೋರ್ಟಿಗೆ ಅರ್ಜಿ ಹಾಕಬೇಕು. ಆಕ್ಷೇಪಣೆಗೆಂದು ಗೆಜೆಟ್‌ನಲ್ಲಿ ಪ್ರಕಟಣೆಯಾಗುತ್ತದೆ. ಆಸ್ತಿ ನಿರ್ವಹಣೆಯ ಅಧಿಕಾರಪತ್ರ ಸಿಕ್ಕ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಳೆದ ನಂತರವೇ ಕೋರ್ಟು ಅದನ್ನು ಸ್ಥಿರೀಕರಿಸುತ್ತದೆ. ಸ್ಥಿರೀಕರಣಕ್ಕೆ ಮುಂಚೆ ಸ್ಥಿರಾಸ್ತಿ ಮಾರುವಂತಿಲ್ಲ. ‘ಅಣ್ಣತಮ್ಮಂದಿರೆಲ್ಲ ಒಪ್ಪಿದ್ದೇವೆ, ನೀವು ಮುಂಗಡ ಕೊಡಿ, ಕೋರ್ಟಿನ ಖರ್ಚಿಗಾಗುತ್ತದೆ’ ಎಂದರೆ ಅವರ ಕಷ್ಟಕ್ಕೆ ಮನ ಕರಗಬಹುದು. ಆದರೂ ಕಾಯಿರಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಪಾಲಿನ ಹಕ್ಕಿದೆ, ಅವರ ಸಹಿ ಬಿಟ್ಟ ಒಪ್ಪಂದ ನಿಲ್ಲುವುದಿಲ್ಲ.

ಕರಾರು ಮತ್ತು ಮುಂಗಡ

ಭೂಮಿಯ ಕರಾರು ಬರವಣಿಗೆಯಲ್ಲಿರಬೇಕು, ಇಬ್ಬರೂ ಸಾಕ್ಷಿಗಳ ಮುಂದೆ ಸಹಿ ಮಾಡಿರಬೇಕು. ಇಬ್ಬರಿಗೂ ಬೇರೆ ಬೇರೆ ವಕೀಲರಿರಲಿ. ಮುಂಗಡ ಸಾಮಾನ್ಯವಾಗಿ ಬೆಲೆಯ ಶೇ 10. ಅದು ಮಾರುವವರ ಕೈಗೆ ಹೋಗದೆ, ವ್ಯವಹಾರ ಮುಗಿಯುವವರೆಗೆ ವಕೀಲರ ಖಾತೆಯಲ್ಲೇ ಇರುವಂತೆ ಬರೆಸಿ. ಮುಗಿಸುವ ಗಡುವು 90 ದಿನ ಇಡುವುದು ರೂಢಿ. ಹಳ್ಳಿಗಳಲ್ಲಿ ಎಂ-ಪೆಸಾ ಮೂಲಕ ಮೊಬೈಲಿನಿಂದಲೇ ದುಡ್ಡು ಕಳಿಸಿಬಿಡುವುದು ಸಲೀಸು. ಜಮೀನಿನ ಮುಂಗಡಕ್ಕೆ ಆ ಸಲೀಸುತನ ಬೇಡ. ಮಂಡಳಿ ಒಪ್ಪದಿದ್ದರೆ ಹಣ ವಾಪಸು ಎಂಬ ಸಾಲನ್ನು ತಪ್ಪದೆ ಸೇರಿಸಿ.

ಮಂಡಳಿಯ ಮುಂದೆ

ಇಡೀ ವ್ಯವಹಾರದ ಜೀವ ಇಲ್ಲಿದೆ. ಕರಾರಾದ ಆರು ತಿಂಗಳೊಳಗೆ ಒಪ್ಪಿಗೆಗೆ ಅರ್ಜಿ ಹಾಕಬೇಕು. ಒಪ್ಪಿಗೆಯಿಲ್ಲದ ವ್ಯವಹಾರ ಕಾನೂನಿನ ಕಣ್ಣಲ್ಲಿ ಅಸಿಂಧು. ಕೊಟ್ಟ ಹಣವನ್ನು ಸಾಲದಂತೆ ದಾವೆ ಹೂಡಿ ವಸೂಲಿ ಮಾಡಬಹುದು ಅಷ್ಟೆ.

ಸಬ್‌ಕೌಂಟಿ ಕಚೇರಿಯಲ್ಲಿ ಉಪ ಕೌಂಟಿ ಆಯುಕ್ತರ ಅಧ್ಯಕ್ಷತೆಯಲ್ಲಿ ಮಂಡಳಿ ಸೇರುತ್ತದೆ. ಸದಸ್ಯರಲ್ಲಿ ಊರಿನ ಹಿರಿಯರೂ ಇರುತ್ತಾರೆ. ಹೊರಗೆ ಮರದ ನೆರಳಲ್ಲಿ ಮಾರುವವರ ಸಂಸಾರಗಳೇ ಬಂದು ಕೂತಿರುತ್ತವೆ: ಹೆಂಡತಿ, ಬೆಳೆದ ಮಕ್ಕಳು, ಕೆಲವೊಮ್ಮೆ ಮುದಿ ತಾಯಿ. ಹೆಸರು ಕರೆದಾಗ ಎಲ್ಲರೂ ಒಳಗೆ ಹೋಗಿ ಸಾಲಾಗಿ ನಿಲ್ಲುತ್ತಾರೆ. ಅಧ್ಯಕ್ಷರು ಹೆಂಡತಿಯತ್ತ ತಿರುಗಿ ಕೇಳುತ್ತಾರೆ: ಈ ಮಾರಾಟ ನಿನಗೆ ಗೊತ್ತೇ, ಒಪ್ಪಿದ್ದೀಯಾ, ದುಡ್ಡು ಯಾತಕ್ಕೆ, ಉಳಿಯುವ ನೆಲದಲ್ಲಿ ಮಕ್ಕಳು ಎಲ್ಲಿರುತ್ತಾರೆ? ಅವರು ತಲೆ ತಗ್ಗಿಸಿ ಸುಮ್ಮನಾದರೆ ಅರ್ಜಿ ಅಲ್ಲಿಗೇ ನಿಲ್ಲಬಹುದು. ಕೊಳ್ಳುವವರಿಗೆ ಇದು ಕಿರಿಕಿರಿ ಅನ್ನಿಸಬಾರದು. ಗಂಡ ಕುಡಿತಕ್ಕೋ ಸಾಲಕ್ಕೋ ಹೊಲ ಮಾರಿಬಿಟ್ಟು ಹೆಂಡತಿ ಮಕ್ಕಳು ಬೀದಿಗೆ ಬಂದ ಕತೆ ನಮ್ಮ ಊರುಗಳಲ್ಲೂ ಎಷ್ಟಿಲ್ಲ! ಇಂಥದ್ದೊಂದು ಮಂಡಳಿ ನಮ್ಮ ತಾಲ್ಲೂಕುಗಳಲ್ಲೂ ಇರಬೇಕಿತ್ತು ಎಂದು ಮನಸಾರೆ ಅಂದುಕೊಂಡಿದ್ದೇನೆ. ಮಂಡಳಿಗೆ ಹೋಗುವ ಮುಂಚೆಯೇ ಮಾರುವವರ ಮನೆಗೆ ಹೋಗಿ, ಚಹಾ ಕುಡಿಯುತ್ತಾ ಮನೆಯಾಕೆಯ ಜೊತೆ ನೇರವಾಗಿ ಮಾತಾಡಿ. ಅವರ ಮನಸ್ಸಿಲ್ಲ ಎಂದು ತಿಳಿದರೆ ಹಿಂದೆ ಸರಿಯಿರಿ.

ಶುಲ್ಕ, ತೆರಿಗೆ, ನೋಂದಣಿ

ಒಪ್ಪಿಗೆಪತ್ರ ಸಿಕ್ಕ ಮೇಲೆ ಉಳಿದದ್ದು ಕಚೇರಿ ಕೆಲಸ. ಸರ್ಕಾರಿ ಮೌಲ್ಯಮಾಪಕರು ಬೆಲೆ ಕಟ್ಟುತ್ತಾರೆ. ಹಳ್ಳಿ ಪ್ರದೇಶಕ್ಕೆ ಮುದ್ರಾಂಕ ಶುಲ್ಕ ಶೇ 2, ಪಟ್ಟಣ ವ್ಯಾಪ್ತಿಗೆ ಶೇ 4, ಇದು ಕೊಳ್ಳುವವರದು. ಲಾಭದ ಮೇಲಿನ ತೆರಿಗೆ ಮಾರುವವರದು, 2023ರ ಜನವರಿಯಿಂದ ಅದು ಶೇ 15 ಆಗಿದೆ. ಇದನ್ನು ಕಟ್ಟುವವರು ಯಾರೆಂದು ಕರಾರಿನಲ್ಲೇ ಬರೆದಿದ್ದರೆ ಕೊನೆ ಗಳಿಗೆಯ ಜಗಳ ತಪ್ಪುತ್ತದೆ. ಇಬ್ಬರಿಗೂ ತೆರಿಗೆ ಇಲಾಖೆಯ ಪಿನ್ ಎಂಬ ಗುರುತಿನ ಸಂಖ್ಯೆ ಬೇಕು. ಮೂಲ ಹಕ್ಕುಪತ್ರ, ಸಹಿಯಾದ ವರ್ಗಾವಣೆ ಪತ್ರ, ಮಂಡಳಿಯ ಒಪ್ಪಿಗೆ, ಶುಲ್ಕ ಕಟ್ಟಿದ ರಸೀದಿ, ಎಲ್ಲವನ್ನೂ ಸೇರಿಸಿ ನೋಂದಣಿಗೆ ಕೊಡಬೇಕು. ಕೊಡುವ ಹಿಂದಿನ ದಿನ ಮತ್ತೊಮ್ಮೆ ಸರ್ಚ್ ಮಾಡಿಸಿ, ನಡುವೆ ಯಾರಾದರೂ ತಕರಾರು ಹಾಕಿರಬಹುದು. ಹೊಸ ಹಕ್ಕುಪತ್ರ ಬಂದ ಮೇಲೂ ಒಂದು ಸರ್ಚು ತೆಗೆದು, ನೋಂದಣಿಯಲ್ಲಿ ನಿಮ್ಮ ಹೆಸರು ಕೂತಿದೆಯೇ ನೋಡಿ.

ಸ್ವಾಧೀನ

ಬೆಳೆ ನಿಂತಿದ್ದರೆ ಕೊಯ್ಲಿಗೆ ಬಿಡಿ, ದಿನಾಂಕವನ್ನು ಬರೆದುಕೊಳ್ಳಿ. ಊರಿನ ಚೀಫ್ ಎಂಬ ಆಡಳಿತಾಧಿಕಾರಿಗೆ ಪರಿಚಯ ಹೇಳಿ, ಅಕ್ಕಪಕ್ಕದವರ ಎದುರಲ್ಲೇ ಬಾಂದುಕಲ್ಲು ನೆಡಿಸಿ. ಕೊಳವೆಬಾವಿ ಕೊರೆಸುವ ಮುಂಚೆ ಜಲಸಂಪನ್ಮೂಲ ಪ್ರಾಧಿಕಾರದ ಪರವಾನಗಿ ಪಡೆಯಿರಿ.

ನೈರೋಬಿಯಲ್ಲಿ ಕೆಲಸ, ಹೊಲ ಇನ್ನೂರು ಕಿಲೋಮೀಟರ್ ದೂರ ಎಂದಾದರೆ ನೆಲವನ್ನು ಬೀಳು ಬಿಡಬೇಡಿ. ಬೇರೊಬ್ಬರು ಬಹಿರಂಗವಾಗಿ, ನಿಮ್ಮ ಅನುಮತಿಯಿಲ್ಲದೆ 12 ವರ್ಷ ಸತತವಾಗಿ ಉಳುಮೆ ಮಾಡಿದರೆ ಕೋರ್ಟಿಗೆ ಹೋಗಿ ಆ ಜಮೀನನ್ನು ತಮ್ಮದಾಗಿಸಿಕೊಳ್ಳಬಹುದು. ಭಾರತದ ಕಾಲಮಿತಿ ಕಾಯ್ದೆಯಲ್ಲೂ ಇರುವುದು ಅದೇ 12 ವರ್ಷ. ಪಕ್ಕದ ರೈತರಿಗೇ ಹಂಗಾಮಿಗೆ ಇಷ್ಟೆಂದು ಬರವಣಿಗೆಯಲ್ಲಿ ಉಳಲು ಕೊಡಿ. ಅವರು ಕೂತಿರುವುದು ನಿಮ್ಮ ಅನುಮತಿಯಿಂದ ಎಂಬುದಕ್ಕೆ ಆ ಚೀಟಿಯೇ ಆಧಾರ. ಅದು ಕೂಡ ಕೃಷಿ ಜಮೀನಿನ ವ್ಯವಹಾರವೇ ಆದ್ದರಿಂದ, ಮಂಡಳಿಯ ಒಪ್ಪಿಗೆ ಬೇಕಾಗುವಂತೆ ಬರೆದಿದೆಯೇ ಎಂದು ವಕೀಲರಿಗೆ ತೋರಿಸಿದ ಮೇಲೆ ಸಹಿ ಹಾಕಿ.